ಮೂರು ಮಾಸ್ತರರ ಬ್ಯಾಂಡು

ಗಾಂಧಿ ಚೌಕದ ರೇಡಿಯೋ ರಿಪೇರಿಯವರು ಗಾಬರಿಯಾದರೆ ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸುತ್ತಿದ್ದರು. ಗಾಬರಿ ದಿನಾಲೂ ಇರುತ್ತಿತ್ತು. ಅವರ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಅವರ ನಕಲು ಮಾಡಿ ಮಾಡಿ, ನನ್ನ ಅಂಗಿಯೂ ಅದೇ ಜಾಗದಲ್ಲಿ ಹರಿಯಿತು.

ವಿಲಾಯತದಲ್ಲಿ ಬೇರೆ ಬೇರೆ ರಾಕ್ ತಂಡಗಳ ಹೆಸರಾಂತರೆಲ್ಲ ಸೇರಿ ಒಂದೇ ತಂಡ ಕಟ್ಟುತ್ತಾರೆ, ಅದೇ ಸೂಪರ್‌ಗ್ರೂಪ್ ಎಂದು ಅವರು ರೇಡಿಯೋದಲ್ಲಿ ಕೇಳಿದ್ದರು. "ಒಬ್ಬೊಬ್ಬಾಂವನೂ ಹುಲಿ ನೋಡಪಾ!" ಎಂದು ಹೊತ್ತು ಮುಳುಗುವತನಕ ಹೇಳುತ್ತಿದ್ದರು. ತಮ್ಮ ತಂಗಿಯ ಮದುವೆಯ ಮೆರವಣಿಗೆಗೆ ತಿಕೋಟಾ, ಬಬಲೇಶ್ವರ, ಮಮದಾಪುರದ ಬ್ಯಾಂಡುಗಳಿಂದ ಮಾಸ್ತರರನ್ನಷ್ಟೇ ಆರಿಸಿ ಕರೆಸಿದರು.

ಬ್ಯಾಂಡಿನಲ್ಲಿ ಮಾಸ್ತರ ಮುಂದೆ ನಿಂತು ಕೈ ಎತ್ತಬೇಕು, ಹಿಂದಿನವರು ಶುರು ಮಾಡಬೇಕು. ಮದುವೆಯ ದಿನ ಸಿದ್ಧೇಶ್ವರ ಗುಡಿಯ ಹತ್ತಿರ, ವರ ಕೂತಿದ್ದ ಕುದುರೆಯ ಎದುರು, ಮೂವರೂ ಮುಂದೆ ನಿಂತು ಕೈ ಎತ್ತಿದರು. ಹಿಂದೆ ಯಾರೂ ಇರಲಿಲ್ಲ.

"ನೀ ಹಿಂದ ನಿಂದ್ರಲೇ," ಎಂದ ಕ್ಲಾರಿಯೊನೆಟ್ ಮಾಸ್ತರ.

"ನಾ ಏನ್ ನಿನ್ನ ಶಿಷ್ಯಾ ಏನ್ಲೇ?" ಎಂದ ಟ್ರಂಪೆಟ್ಟಿನವನು. ಡ್ರಮ್ಮಿನವನು ಎತ್ತಿದ ಕೈ ಇಳಿಸಲೇ ಇಲ್ಲ.

ವರನ ಕಾಕಾ ಕೇಳಿದ: "ಏನ್ರಿ, ಕುದುರಿ ಮನಿಗೆ ಹಿಂದಕ ಹೊಳ್ಳಸೂನೇನು?"

ರಿಪೇರಿಯವರ ಮುಖ ಸುಣ್ಣವಾಯಿತು. ಗುಡಿಯ ಕಟ್ಟೆಯ ಮೇಲಿದ್ದ ಭಜನೆಯ ತಾಳ ಎತ್ತಿಕೊಂಡು ಮೂವರ ಹಿಂದೆ ಹೋಗಿ ನಿಂತರು. "ನನಗೇನೂ ಬರಂಗಿಲ್ರೀ ಯಪ್ಪಾ. ನೀವು ಮೂವರೂ ಮುಂದ ಇರ್ರಿ, ನಾ ಹಿಂದ ಬರ್ತೇನಿ."

ರಿಪೇರಿಯವರು ತಾಳ ಬಾರಿಸಿದರು, ಪೂರಾ ತಪ್ಪು. ತಡೆಯಲಾರದೆ ಮೂವರೂ ತಿದ್ದಲು ಒಮ್ಮೆಲೇ ವಾದ್ಯ ಎತ್ತಿದರು. ಕುದುರೆ ಹೆಜ್ಜೆ ಹಾಕಿತು.

ಆ ಮೂವರು ಮಾಸ್ತರರ ಗತ್ತನ್ನು ನಾನು ಇಂದಿಗೂ ಚೆಂದಾಗಿ ಮಾಡಿ ತೋರಿಸುತ್ತೇನೆ. ಅವರ ಹಿಂದಿನ ಆ ತಪ್ಪು ತಾಳ ಮಾತ್ರ ನನಗೆ ಇನ್ನೂ ಬಂದಿಲ್ಲ.