ಖುರ್ಷೀದ್ ಬೇಗಂ ಕಟ್ಟುವ ಕಪ್ಪೆ

ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ಜಗತ್ ಬಜಾರದ ಹಿಂದಿನ ಗಲ್ಲಿಗೆ ಇನ್ನೂ ಹಾಲಿನವರು ಬಂದಿಲ್ಲ. ಕಿಟಕಿಯ ಕೆಳಗೆ ಚಾಪೆ ಹಾಸಿ ಕುಳಿತ ಖುರ್ಷೀದ್ ಬೇಗಂ ಎಡಗೈಯಲ್ಲಿ ಹೆಬ್ಬೆರಳು ಗಾತ್ರದ ಬೆಂಡಿನ ತುಂಡು ಹಿಡಿದು, ಅದಕ್ಕೆ ಆಡಿನ ತೆಳು ತೊಗಲು ಹೊದಿಸಿ ಹೊಲಿಯುತ್ತಿದ್ದಾರೆ. ಬೆಂಡಿನ ಹೊಟ್ಟೆಯಲ್ಲಿ ಉಕ್ಕಿನ ಗಾಳ ಹುದುಗಿದೆ. ಹುಂಜದ ಎರಡು ಪುಕ್ಕ ಹಿಂಗಾಲಾಗುತ್ತವೆ, ಎರಡು ಕರಿಮಣಿ ಕಣ್ಣಾಗುತ್ತವೆ. ಬಿಸಿಲು ಎದುರು ಮನೆಯ ಮಾಳಿಗೆ ಏರುವ ಹೊತ್ತಿಗೆ ಚಾಪೆಯ ಮೇಲೊಂದು ಕಪ್ಪೆ ಕುಳಿತಿರುತ್ತದೆ. ಒಮ್ಮೆ ಪಕ್ಕದ ಮನೆಯ ಬೆಕ್ಕು ಇಂಥದೊಂದನ್ನು ಕಚ್ಚಿಕೊಂಡು ಓಡಿತ್ತು. ಅದಕ್ಕಿನ್ನೂ ಗಾಳ ಸೇರಿಸಿರಲಿಲ್ಲ, ಬೆಕ್ಕಿನ ಪುಣ್ಯ.

ಬೆಕ್ಕಿಗಲ್ಲ, ಈ ಕಪ್ಪೆ ಮರಲ್ ಮೀನಿಗೆ. ಹಾವಿನಂಥ ತಲೆಯ, ಮೊಳದುದ್ದದ ಈ ಮೀನು ಕಮಲಾಪುರದ ಕೆರೆಯಲ್ಲಿ ಬೇಕಾದಷ್ಟಿದೆ. ಆದರೆ ಬಲೆಯ ಸುಳಿವು ಸಿಕ್ಕರೆ ಸಾಕು, ಕೆಸರಿನಲ್ಲಿ ಹೂತುಕೊಂಡು ಬಿಡುತ್ತದೆ. ಅಂಥ ಜಾಣನಿಗೂ ಕಪ್ಪೆ ಕಂಡರೆ ಬುದ್ಧಿ ಕೆಡುತ್ತದೆ. ಗಾಳ ಹಾಕುವವರು ಹಿಂದೆ ಜೀವಂತ ಕಪ್ಪೆಯನ್ನೇ ಚುಚ್ಚುತ್ತಿದ್ದರು. ಅದು ನಾಲ್ಕು ಸಲ ನೀರಿಗೆ ಬೀಳುವಷ್ಟರಲ್ಲಿ ಸತ್ತು ಜೋತುಬೀಳುತ್ತದೆ, ಇಲ್ಲವೆ ಹರಿದು ಹೋಗುತ್ತದೆ. ಬೇಗಂ ಕಟ್ಟಿದ ಕಪ್ಪೆ ಒಂದು ಮಳೆಗಾಲ ಪೂರ್ತಿ ಸಾಯುವುದಿಲ್ಲ.

ದಿನಕ್ಕೆ ಎರಡು, ಬೆಳಕು ಚೆನ್ನಾಗಿದ್ದರೆ ಮೂರು ಕಪ್ಪೆ ತಯಾರಾಗುತ್ತವೆ. ಶುಕ್ರವಾರ ಕಮಲಾಪುರದ ಮಾಪಣ್ಣ ಬಸ್ಸಿನಲ್ಲಿ ಬಂದು, ಬಾಗಿಲಿನ ಗೋಣಿತಟ್ಟಿನ ಪರದೆಯ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಮಾಪಣ್ಣನವರದು ಚಪ್ಪಲಿ ಹೊಲಿಯುವ ಕಸುಬು, ಗಾಳ ಹಾಕುವುದು ಹುಚ್ಚು. ತೊಗಲು, ಪುಕ್ಕ, ಬೆಂಡು ಅವರು ತಂದು ಪರದೆಯ ಕೆಳಗಿನಿಂದ ಒಳಗೆ ಸರಿಸುತ್ತಾರೆ, ಒಳಗಿನಿಂದ ಕಪ್ಪೆಗಳು ಹೊರಗೆ ಸರಿಯುತ್ತವೆ. ಕಮಲಾಪುರ, ಮಹಾಗಾಂವದ ಮೀನು ಹಿಡಿಯುವ ಕಬ್ಬಲಿಗರೂ ಕೊಳ್ಳುತ್ತಾರೆ, ನಿಜಾಮರ ರಾಜ್ಯ ಬಿದ್ದ ಗದ್ದಲದ ಕಾಲದಲ್ಲಿ ಮದ್ರಾಸಿನ ಕಡೆಯಿಂದ ಬಂದು ಇಲ್ಲೇ ಉಳಿದಿರುವ ಪೊಲೀಸರೂ ಕೊಳ್ಳುತ್ತಾರೆ. ಕೆರೆಯ ಮೇಲೆ ಅದರ ಹೆಸರು ‘ಮಾಪಣ್ಣನ ಕಪ್ಪೆ’. ಕಟ್ಟಿದ ಕೈ ಯಾರದೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಬೇಗಂ ಅವರಿಗೂ ಕೆರೆ ಗೊತ್ತಿಲ್ಲ.

“ನಾ ಕೆರಿ ನೋಡಿಲ್ರೀ,” ಎನ್ನುತ್ತಾರೆ ಅವರು, ವಿಚಾರಿಸಲು ಹೋದ ನಮಗೆ, ಪರದೆಯ ಆಚೆಯಿಂದ. “ಮರಲ್ ತಾಟಿನ್ಯಾಗ ನೋಡೀನಿ, ಅಷ್ಟ.”

ತಾಟಿಗೆ ಮರಲ್ ತರುತ್ತಿದ್ದವರು ಗಂಡ ಬುರ್ಹಾನುದ್ದೀನ್. ಸರಕಾರಿ ದಫ್ತರಿನಲ್ಲಿ ಜವಾನರಾಗಿದ್ದರು. ನಿಜಾಮರ ಕಾಲದಲ್ಲಿ ವಾರದ ರಜೆ ಶುಕ್ರವಾರ ತಾನೇ, ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋಗಿ, ಅಲ್ಲೇ ನಮಾಜು ಮುಗಿಸಿ, ಸಂಜೆಯವರೆಗೆ ಮಾಪಣ್ಣನ ಪಕ್ಕದಲ್ಲಿ ಕೋಲು ಹಿಡಿದು ಕೂರುತ್ತಿದ್ದರು. ಹೆಂಡತಿ ಜರಿ ಕೆಲಸದವರು. ಕೂದಲೆಳೆಯಂಥ ತಂತಿಗೆ ಗಂಟು ಹಾಕಬಲ್ಲ ಬೆರಳು ಮನೆಯಲ್ಲೇ ಇರುವಾಗ ತಾವೇಕೆ ಒದ್ದಾಡಬೇಕೆಂದು ಗಾಳದ ಗಂಟುಗಳನ್ನು ಅವರಿಂದಲೇ ಹಾಕಿಸುತ್ತಿದ್ದರು. ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ, ಮಹಾಗಾಂವದಾಚೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದ ಚಿಕ್ಕಮ್ಮನನ್ನು ಕರೆತರಲು ಹೋದವರು ಮರಳಿ ಬರಲಿಲ್ಲ. ಗೊತ್ತಿದ್ದವರು ಹೇಳುವುದಿಲ್ಲ, ಹೇಳುವವರಿಗೆ ಗೊತ್ತಿಲ್ಲ. ಅದಾಗಿ ಮೂರು ಮಳೆಗಾಲ ಕಳೆದಿವೆ.

ಜರಿ ಹೊಲಿಸುತ್ತಿದ್ದ ದೊಡ್ಡ ಮನೆಗಳೂ ಆ ವರ್ಷವೇ ಖಾಲಿಯಾದವು. ಆಗ ಒಂದು ದಿನ ಮಾಪಣ್ಣ, ತಮ್ಮಲ್ಲೇ ಉಳಿದಿದ್ದ ಬುರ್ಹಾನುದ್ದೀನರ ಕೋಲನ್ನು ಒಪ್ಪಿಸಿ ಹೋಗಲು ಬಂದರು. ಕೋಲಿಗೆ ತೊಗಲಿನ ಮುರುಕು ಕಪ್ಪೆಯೊಂದು ಕಟ್ಟಿತ್ತು. ಬೇಗಂ ಅದನ್ನು ಬಿಚ್ಚಿ, ಮೊದಲಿನದಕ್ಕಿಂತ ಚೆನ್ನಾಗಿ ಹೊಲಿದು ಕೊಟ್ಟರು. ಮುಂದಿನ ವಾರ ಮಾಪಣ್ಣ ಇನ್ನೂ ನಾಲ್ಕು ಬೇಕು ಎಂದರು. ಹೀಗೆ ಹತ್ತಿದ ಒಲೆ ಇದು. ಹೈದರಾಬಾದಿನಲ್ಲಿರುವ ಮೈದುನ ಬಂದಾಗಲೆಲ್ಲ, ಮನೆಗೆ ಬೀಗ ಹಾಕಿ ತಮ್ಮಲ್ಲಿಗೆ ಬಂದು ಇರಿ ಎನ್ನುತ್ತಾರೆ. ತನ್ನ ಒಲೆ ತಾನು ಉರಿಸುವವರೆಗೆ ಬರುವುದಿಲ್ಲ, ಅದು ಆರಿದ ದಿನ ಬರುತ್ತೇನೆಂದು ಬೇಗಂ ಮಾತು ಕೊಟ್ಟಿದ್ದಾರೆ. ಗಂಡ ಬಂದರೆ ಬೀಗ ಕಾಣಬಾರದು. ಆಕೆಯ ಲೆಕ್ಕ ಅಷ್ಟೇ.

ಗಂಟಿನ ವಿಷಯದಲ್ಲಿ ಬೇಗಂ ಬಲು ಕಟ್ಟುನಿಟ್ಟು. ತೊಗಲು ಹದಮಾಡುವ ತಂಗಡಿ ತೊಗಟೆಯ ನೀರಿನಲ್ಲಿ ನೆನೆಸಿ ಒಣಗಿಸಿದ ನೂಲನ್ನು ಗಾಳದ ಕಣ್ಣಿನಲ್ಲಿ ಎರಡು ಸಲ ತೂರಿಸಿ, ಸುತ್ತಿ, ಬಿಗಿಯುವ ಮುಂಚೆ ಬಾಯಲ್ಲಿಟ್ಟು ಒದ್ದೆ ಮಾಡುತ್ತಾರೆ. ಒಣಗಂಟು ಎಳೆದರೆ ನೂಲು ತನ್ನನ್ನು ತಾನೇ ಉಜ್ಜಿಕೊಂಡು ಸವೆಯುತ್ತದಂತೆ. ರಂಜಾನಿನಲ್ಲಿ ಮಾತ್ರ ಪಕ್ಕದಲ್ಲೊಂದು ಕಟೋರಿ ನೀರು. ಆಮೇಲೆ ಮಸಾಲೆ ಅರೆಯುವ ಗುಂಡುಕಲ್ಲನ್ನು ಆ ನೂಲಿಗೆ ನೇತುಹಾಕಿ ಅಡಿಗೆಗೆ ಏಳುತ್ತಾರೆ. ರೊಟ್ಟಿ ಬೇಯುವವರೆಗೆ ಕಲ್ಲು ಬೀಳದಿದ್ದರೆ ಗಂಟು ಪಾಸು. ಬಿದ್ದರೆ ಬೈಗುಳ ಕಲ್ಲಿಗಲ್ಲ, ಬೆರಳಿಗೆ.

ಬಣ್ಣವನ್ನೂ ಕೇಳಿ ಕೇಳಿಯೇ ಕಲಿತಿದ್ದಾರೆ. ಮೊದಲ ಮಳೆಗೆ ಕೆರೆ ಕದಡಿದಾಗ ಕಪ್ಪು ತೊಗಲು, ಮೀನಿಗೆ ನೆರಳಾದರೂ ಕಾಣಬೇಕಲ್ಲ. ನೀರು ತಿಳಿಯಾದ ಮೇಲೆ ಹಳದಿ ಹೊಟ್ಟೆ, ಹಸಿರು ಬೆನ್ನು. ಚಳಿಗಾಲದಲ್ಲಿ ಮರಲ್ ಸೋಮಾರಿ, ದೊಡ್ಡ ತುತ್ತಿಗೆ ಏಳುವುದಿಲ್ಲ, ಕಪ್ಪೆ ಸಣ್ಣದಾಗಬೇಕು. ಈ ಶುಕ್ರವಾರ ನೀರು ಹೇಗಿತ್ತು ಎಂದು ಮಾಪಣ್ಣನನ್ನು ವಿಚಾರಿಸುವ ಧಾಟಿ ಕೇಳಿದರೆ, ತವರಿನ ಸುದ್ದಿ ಕೇಳುತ್ತಿದ್ದಾರೆ ಅನ್ನಬೇಕು.

ಆದರೆ ಪಾಚಿ ಎಂದರೇನೆಂದು ಮಾತಿನಲ್ಲಿ ತಿಳಿಯಲಿಲ್ಲ. ಮರಲ್ ಇರುವುದೇ ಪಾಚಿಯ ಸಂದಿಯಲ್ಲಿ, ಕಪ್ಪೆಯ ಗಾಳ ಅದಕ್ಕೇ ಸಿಕ್ಕಿಕೊಳ್ಳುತ್ತದೆ ಎಂಬ ದೂರು ವಾರವಾರವೂ ಬರುತ್ತಿತ್ತು. ಕೊನೆಗೆ ಮಾಪಣ್ಣ ಒಂದು ಬುಟ್ಟಿ ಪಾಚಿ, ಅಂತರಗಂಗೆಯನ್ನೇ ಬಸ್ಸಿನಲ್ಲಿ ಹೊತ್ತು ತಂದರು. ಕಂಡಕ್ಟರ್ ಬೈದ, ಪಕ್ಕದವರ ಧೋತರ ತೊಯ್ದಿತು. ಬೇಗಂ ಅದನ್ನು ಹಿತ್ತಿಲಿನ ನೀರಿನ ತೊಟ್ಟಿಗೆ ಸುರಿದು, ಗಂಡನ ಕೋಲಿನಿಂದ ಕಪ್ಪೆಯನ್ನು ಅದರ ಮೇಲೆ ಎಳೆದು ನೋಡಿದರು. ಗಾಳದ ಮೊನೆಯನ್ನು ಬೆನ್ನಿನ ಮೇಲಕ್ಕೆ ತಿರುಗಿಸಿದರು. ಇನ್ನೂ ಸಿಕ್ಕಿಕೊಳ್ಳುತ್ತಿತ್ತು. ಮೊನೆಯ ಮುಂದೆ ಬಿರುಸಾದ ಎರಡು ಎಳೆ ನಿಲ್ಲಿಸಿದರೆ ಪಾಚಿ ಅದರ ಮೇಲೆ ಜಾರಿ ಹೋಗುತ್ತದೆ, ಮೀನಿನ ದವಡೆ ಬಿದ್ದರೆ ಎಳೆ ಬಾಗುತ್ತದೆ ಎಂಬುದು ಆಕೆಗೇ ಹೊಳೆಯಿತು. ಅಂಥ ಎಳೆ ಎಲ್ಲಿ? ನನ್ನ ಪೆಟ್ಟಿಗೆಯಲ್ಲೇ ಇದೆ ಎಂದರು ಮಾಪಣ್ಣ.

ಚಪ್ಪಲಿ ಹೊಲಿಯುವವರ ಪೆಟ್ಟಿಗೆಯಲ್ಲಿ ಒಂದು ಬಗೆಯ ಒರಟು ಕೂದಲಿರುತ್ತದೆ. ಮೇಣ ಸವರಿದ ದಾರದ ತುದಿಗೆ ಅದನ್ನು ಹೊಸೆದು, ಸೂಜಿಯ ಹಾಗೆ ತೊಗಲಿನ ತೂತಿಗೆ ತೂರಿಸುತ್ತಾರೆ. ಹುಟ್ಟಿದಾಗಿನಿಂದ ಮಾಪಣ್ಣ ಅದನ್ನು ಹೊಲಿಗೆ ಕೂದಲು ಎಂದೇ ಕರೆದವರು. ಉಳಿ, ಸುತ್ತಿಗೆಯ ಜೊತೆ ಅದೂ ಒಂದು ಸಾಮಾನು. ಯಾವ ಪ್ರಾಣಿಯ ಬೆನ್ನಿನದೆಂದು ಹೇಳಬೇಕೆಂದು ಅವರಿಗೆ ತೋಚಲಿಲ್ಲ. ತೊಗಲಿನ ಕೆಲಸ ಕಾಣದ ಮನೆಯ ಬೇಗಂ ಅವರಿಗೆ ಕೇಳಬೇಕೆಂದು ತೋಚಲಿಲ್ಲ.

ಹೊಸ ಕಪ್ಪೆ ಪಾಚಿಯ ಮೇಲೆ ನಿಜವಾದ ಕಪ್ಪೆಯಂತೆಯೇ ನುಸುಳಿತು. ಅಷ್ಟು ಮೀನು ಒಂದೇ ಬೆಳಿಗ್ಗೆ ಕಮಲಾಪುರದ ಏರಿಯ ಮೇಲೆ ಬಿದ್ದದ್ದನ್ನು ಹಿರಿಯರೂ ಕಂಡಿರಲಿಲ್ಲವಂತೆ. ಬೇಡಿಕೆ ಏರಿತು. ಹೋದ ಮಳೆಗಾಲದ ಒಂದು ಶುಕ್ರವಾರ ಬೇಗಂ ಪರದೆಯ ಆಚೆ ಕಟ್ಟುತ್ತಲೇ ಮಾಪಣ್ಣನ ಮಾತಿಗೆ ಹೂಂಗುಟ್ಟುತ್ತಿದ್ದರು. ಮಾತು ಹೊರಡುತ್ತಿರಲಿಲ್ಲ. ಮಾಪಣ್ಣ ಮೈಗೆ ಹುಷಾರಿಲ್ಲವೇನೋ ಎಂದು ವಿಚಾರಿಸಿದರು.

“ಆರಾಮ ಅದೀನಿ. ಬಾಯಾಗ ಕೂದಲ ಹಿಡ್ದೀನಿ, ಎರಡೂ ಕೈ ಕೆಲಸದಾಗ ಅವ.”

ಮಾಪಣ್ಣನಿಗೆ ಆಗಲೇ ಹೊಳೆಯಿತು. ಇಷ್ಟು ದಿನವೂ ಬಾಯಲ್ಲೇ! ಸುಮ್ಮನಿದ್ದರೆ ಆಗುತ್ತಿತ್ತು. ಆಕೆಗೆ ಹೇಳುವವರು ಬೇರೆ ಯಾರೂ ಇರಲಿಲ್ಲ, ಕಪ್ಪೆ ಹೋಗುತ್ತಿದ್ದವು, ಎರಡು ಮನೆಯ ಒಲೆ ಉರಿಯುತ್ತಿತ್ತು. ಮಾತಾಡಿದರೆ ತನ್ನ ಅನ್ನದ ಮೇಲೆ ತಾನೇ ಕಲ್ಲು ಹಾಕಿಕೊಂಡಂತೆ. ಮೆಟ್ಟಿಲ ಮೇಲೆ ಎದ್ದು ನಿಂತು ಹೇಳಿಯೇ ಬಿಟ್ಟರು.

“ಭಾಬಿ, ಉಗುಳ್ರೀ. ಅದು ಹಂದಿ ಕೂದಲ ಅದ. ನಾ ಮೊದಲಾ ಹೇಳಬೇಕಾಗಿತ್ತು.”

ಒಳಗೆ ಏನೋ ಉರುಳಿತು. ಆಮೇಲೆ ನೀರಿನ ಸದ್ದು, ಬಾಯಿ ಮುಕ್ಕಳಿಸುವ ಸದ್ದು, ಮತ್ತೆ ನೀರು. ಬಾಗಿಲು ಮುಚ್ಚಿಕೊಂಡಿತು. ಮಾಪಣ್ಣ ಕೊನೆಯ ಬಸ್ಸಿನವರೆಗೂ ಮೆಟ್ಟಿಲ ಮೇಲೆ ಕೂತು ಬರಿಗೈಯಲ್ಲಿ ಹೋದರು.

ತಿಳಿಯದೆ ಆದದ್ದಕ್ಕೆ ಪಾಪವಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮಸೀದಿಯ ಹಿರಿಯರು ಹೇಳಿ ಕಳಿಸಿದರು. “ಪಾಪದ ಮಾತ ಬ್ಯಾರೆರೀ,” ಎನ್ನುತ್ತಾರೆ ಬೇಗಂ. “ನನ್ನ ತುಟಿಗಿ ಯಾರ ತಿಳಿಸಿ ಹೇಳಬೇಕು?” ಮಾಪಣ್ಣನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು, ಅದನ್ನು ಅವರು ಮುಚ್ಚಿಡುವುದಿಲ್ಲ. ಎರಡು ಶುಕ್ರವಾರ ಅವರು ಬಂದು ಮೆಟ್ಟಿಲ ಮೇಲೆ ಕೂತು ಹೋದರೂ ಬಾಗಿಲು ತೆರೆಯಲಿಲ್ಲ. ಮೂರನೆಯ ಶುಕ್ರವಾರ ಒಳಗಿನಿಂದ ಒಂದೇ ಮಾತು ಬಂತು. ಆ ಕೂದಲು ಈ ಹೊಸ್ತಿಲು ದಾಟಕೂಡದು, ಬೇರೆ ಏನಾದರೂ ತಾ.

ಮಾಪಣ್ಣ ತಂದರು. ಆಡಿನ ಕೂದಲು ನೀರಿಗೆ ಬಿದ್ದೊಡನೆ ಸೋತು ಮಲಗಿತು. ಕಮಲಾಪುರದ ಕೆಂಪು ಬಾಳೆಯ ನಾರು ಒಂದು ದಿನ ನಿಂತು ಮರುದಿನ ಕೊಳೆಯಿತು. ಕಸಬರಿಗೆಯ ಕಡ್ಡಿ ಲಟಕ್ಕೆಂದು ಮುರಿಯಿತು. ಹಿತ್ತಾಳೆ ತಂತಿ ಚೆನ್ನಾಗಿ ನಿಂತಿತು, ಎಷ್ಟು ಚೆನ್ನಾಗಿ ಎಂದರೆ ಮೀನು ಕಚ್ಚಿದರೂ ಬಾಗಲಿಲ್ಲ, ಗಾಳ ತಾಗದೆ ಮೀನು ಉಗುಳಿ ಹೋಯಿತು. ಕಬ್ಬಲಿಗರು ಮತ್ತೆ ಜೀವಂತ ಕಪ್ಪೆ ಹಿಡಿಯತೊಡಗಿದರು. ಬೇಗಂ ಮನೆಯ ಹಿಟ್ಟಿನ ಡಬ್ಬಿಯ ತಳ ಕಂಡಿತು. ಬಕ್ರೀದಿನ ಮರುವಾರ ಮೈದುನ ಬಂದು ನೋಡಿದರು. ಒಲೆ ತಣ್ಣಗಿತ್ತು.

ಕೊಟ್ಟ ಮಾತು ಕೊಟ್ಟದ್ದೇ. ಟಾಂಗಾ ಬಂತು, ಟ್ರಂಕು ಹೇರಿದ್ದಾಯಿತು. ಇಲ್ಲಿ ನಿಮಗೆ ಯಾರಿದ್ದಾರೆ ಎಂದು ಮೈದುನ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಆ ಬಡಪಾಯಿಗೆ ಅರ್ಥವಾಗಿರಲಿಲ್ಲ. ಬೇಗಂ ಎದ್ದರು. ಬುರ್ಖಾ ಹಾಕಿಕೊಂಡು ಗಲ್ಲಿಗಿಳಿದರು. ಮೈದುನ ಒಳಗೆ ಬೀಗ ಹುಡುಕುತ್ತಿದ್ದರು. ಕುದುರೆ ನೊಣ ಓಡಿಸುತ್ತ ಬಾಲ ಬೀಸುತ್ತಿತ್ತು. ಬಾಲದ ಕೂದಲು ಗಾಲಿಗೆ ಬಡಿದು ಬಾಗುತ್ತಿತ್ತು, ಬಿಟ್ಟೊಡನೆ ನೆಟ್ಟಗಾಗುತ್ತಿತ್ತು. ಬಾಗುತ್ತಿತ್ತು, ನೆಟ್ಟಗಾಗುತ್ತಿತ್ತು. ಬೇಗಂ ಅದನ್ನೇ ನೋಡುತ್ತ ನಿಂತರು.

ಟಾಂಗಾವಾಲನ ಹತ್ತಿರ ಒಂದು ಹಿಡಿ ಬಾಲದ ಕೂದಲು ಕೇಳಿದರು. ಅವನಿಗೆ ನಗು ಬಂತು, ಆದರೆ ಕಿತ್ತು ಕೊಟ್ಟ. ಬೇಗಂ ಬುರ್ಖಾ ಸಮೇತ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಒಂದು ಕೂದಲು ಮೆತ್ತಗಾಯಿತು, ಎರಡೂ ಸಾಲಲಿಲ್ಲ. ಜರಿಯವರು ಗೊಂಡೆ ಕಟ್ಟುವಂತೆ ಆರು ಕೂದಲಿನ ಕುಚ್ಚು ಮಾಡಿ, ಬುಡಕ್ಕೆ ಅರಗು ಕರಗಿಸಿ ಹಾಕಿ, ಮೇಣ ಸವರಿ ಗಾಳದ ಮೊನೆಯ ಮುಂದೆ ನಿಲ್ಲಿಸಿದರು. ಹಿತ್ತಿಲಿನ ತೊಟ್ಟಿಯ ಪಾಚಿಯ ಮೇಲೆ ಎಳೆದರು. ಕಪ್ಪೆ ಎಲ್ಲೂ ತಡೆಯದೆ ಈ ದಡದಿಂದ ಆ ದಡಕ್ಕೆ ಬಂತು. ಹಿಂದೆ ನಿಂತಿದ್ದ ಮೈದುನನಿಗೆ ಟ್ರಂಕು ಇಳಿಸಿ ಎಂದರು. ಅವರು ಸಿಟ್ಟಿನಿಂದ ಗೊಣಗಿದರು, ಆದರೂ ಇಳಿಸಿದರು. ಬಂದ ಟಾಂಗಾದಲ್ಲಿ ಒಬ್ಬರೇ ಸ್ಟೇಷನ್ನಿಗೆ ಹೋದರು.

ಈಗ ಕಮಲಾಪುರದ ಕೆರೆಯಲ್ಲಿ ಕುದುರೆ ಬಾಲದ ಕಪ್ಪೆಯೇ ಓಡಾಡುತ್ತಿದೆ. ಮಾಪಣ್ಣನವರು ಮಾತ್ರ ಒಂದು ಹೊಸ ರೂಢಿ ಹಚ್ಚಿಕೊಂಡಿದ್ದಾರೆ. ಪರದೆಯ ಕೆಳಗೆ ಸಾಮಾನು ಸರಿಸುವ ಮುಂಚೆ ಒಂದೊಂದನ್ನೂ ಹೆಸರಿಟ್ಟು ಹೇಳುತ್ತಾರೆ. ಇದು ಆಡಿನ ತೊಗಲು, ಇದು ಹುಂಜದ ಪುಕ್ಕ, ಇದು ಕುದುರೆ ಬಾಲ, ಈ ಮೇಣ ಜೇನಿನದು. ಮೆಟ್ಟಿಲ ಮೇಲೆ ಸಂತೆ ಕೂಗಿದಂತಾಗುತ್ತದೆ. ನನಗೇನು ಕಣ್ಣಿಲ್ಲವೇ, ಸುಮ್ಮನೆ ಇಡು ಎಂದು ಬೇಗಂ ಗದರುತ್ತಾರೆ. ಅವರು ಬಿಡುವುದಿಲ್ಲ.

ಈ ಶುಕ್ರವಾರವೂ ಮಾಪಣ್ಣ ಕೂಗಿ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದಾರೆ. ಈಗಲೂ ಕೂದಲನ್ನು ಬಾಯಲ್ಲೇ ಹಿಡಿಯುತ್ತೀರಾ, ಮನಸ್ಸು ಹಿಂಜರಿಯುವುದಿಲ್ಲವೇ ಎಂದು ನಾವು ಬೇಗಂ ಅವರನ್ನು ಕೇಳುತ್ತೇವೆ. ಬಾಯಲ್ಲಿದ್ದದ್ದನ್ನು ತೆಗೆದಿಟ್ಟ ಮೇಲೆ ಪರದೆಯ ಆಚೆಯಿಂದ ದನಿ ತಿಳಿಯಾಗಿ ಬರುತ್ತದೆ.

“ಇಲ್ಲಿ ನಿಮಗ ಯಾರ ಅದಾರ ಅಂತ ಮೈದುನ ಕೇಳಿದ್ರು. ಅವತ್ತ ನನಗ ಹೇಳಾಕ ಬರಲಿಲ್ಲ. ಇವಾ ಮುಚ್ಚಿಟ್ಟಿದ್ರ ನಾ ಸಾಯೂತನಾ ನನಗ ಗೊತ್ತಾಗ್ತಿರಲಿಲ್ರೀ. ತನ್ನ ಹೊಟ್ಟಿ ನೋಡ್ಕೊಳ್ಳಲಾರದ ಖರೇ ಹೇಳ್ಯಾನ. ಹಂತಾವ ಬಾಗಲದಾಗ ಕೂತಾನ. ನಾ ಯಾಕ ಹೋಗಲಿ?”