ಕೆಮ್ಮಣ್ಣು ಬಳಿದ ಮಾವು

ಆಗ ನನಗೆ ಒಂಬತ್ತು ವರ್ಷ. ಅರವತ್ತು ವರ್ಷದ ಹಿಂದಿನ ಮಾತು, ಈಗ ಮತ್ತೆ ನೆನಪಾಯಿತು. ಮೊನ್ನೆ ನರಸಾಪುರದ ಕಂಪನಿಯಲ್ಲಿ ಪಾಳಿ ಮುಗಿಸಿ ಬಂದ ಮೊಮ್ಮಗಳು ನಡುಮನೆಯಲ್ಲಿ ಕೂತು ಚಿತ್ರ ಬರೆದಳು. ಬಣ್ಣದ ಘಾಟು ಮೂಗಿಗೆ ಹೊಡೆದು ಎದ್ದು ಬಂದೆ. ಬೂದಿ ಬಣ್ಣದ ಆಕಾಶ, ಎಲೆಯೇ ಇಲ್ಲದ ಮರಗಳ ಸಾಲು, ಬುಡಕ್ಕೆ ಕೆಂಪು. “ನೋಡಜ್ಜಿ, ಎಷ್ಟು ಶಾಂತವಾಗಿದೆ” ಅಂದಳು. “ಯಾವ ಮರವೇ ಇದು?” “ನಮ್ಮ ಯಲ್ದೂರಿನ ಮಾವೇ ಅನ್ಕೋ.” “ಹಂಗಾದ್ರೆ ಶಾಂತ ಅಲ್ಲ ಕಣೇ, ಕೊಲೆ” ಅಂದೆ. ಮಾವು ಎಲೆ ಉದುರಿಸಿ ನಿಲ್ಲುವ ಮರವಲ್ಲ. ತೋಪು ಇದ್ದವರಿಗೆಲ್ಲ ಗೊತ್ತು. ಹಂಗೆ ಸಾಲಾಗಿ ಬೋಳಾಯಿತೆಂದರೆ ಯಾರೋ ಕೊಂದಿದ್ದಾರೆ.

ಯಲ್ದೂರಿನ ನಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿದವರು. ಕಾಯಿ ಹಣ್ಣಾಗಲು ಹಾಸಿದ ಹುಲ್ಲಿನ ವಾಸನೆ ಮನೆ ತುಂಬ ಇರುತ್ತಿತ್ತು. ತೋಪು ಪಾಲಾದಾಗ ಚೀಟಿ ಎತ್ತಿದರು. ಅಪ್ಪ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಸಾಲು ಚಿಕ್ಕಪ್ಪನಿಗೆ ಹೋಯಿತು. ಮಳೆ ಮುಗಿದ ಮೇಲೆ ಅಪ್ಪ ಆ ಮರಗಳ ಬುಡದ ತೊಗಟೆಯನ್ನು ಸುತ್ತಲೂ ಸುಲಿದು, ಗೆದ್ದಲು ಹತ್ತದಿರಲೆಂದು ಎಲ್ಲರೂ ಬಳಿಯುವ ಕೆಮ್ಮಣ್ಣನ್ನೇ ಅದರ ಮೇಲೆ ಬಳಿದ. “ಅಣ್ಣನಿಗೆ ನನ್ನ ಮರದ ಮೇಲೂ ಪ್ರೀತಿ, ನೋಡವ್ವ” ಎಂದು ಚಿಕ್ಕಪ್ಪ ನಮ್ಮ ಅಜ್ಜಿಯ ಮುಂದೆ ಹೇಳಿಕೊಂಡು ನಕ್ಕಿದ್ದ.

ಎಲ್ಲರ ತೋಪೂ ಹೂವಾದಾಗ ಆ ಸಾಲು ಮಾತ್ರ ಎಲೆ ಉದುರಿಸಿ ನಿಂತಿತು. ಒಂದು ಮಧ್ಯಾಹ್ನ ಚಿಕ್ಕಪ್ಪ ಬುಡದ ಕೆಮ್ಮಣ್ಣು ಕೆರೆದು ನೋಡಿದ. ಮಚ್ಚು ಹಿಡಿದೇ ಬಂದ. ಅಪ್ಪ ಅಂಗಳದಲ್ಲಿ ದನಕ್ಕೆ ಹುಲ್ಲು ಹಾಕುತ್ತಿದ್ದ.

“ಲೇ, ಮರ ಅಲ್ಲವೋ, ನನ್ನ ಮಕ್ಕಳ ಗಂಟಲು ಕೊಯ್ದೆ!”

“ಅವು ಕುಡಿದಿದ್ದು ನನ್ನ ನೀರು ಕಣೋ.” ಅಪ್ಪ ತಲೆಯನ್ನೂ ಎತ್ತಲಿಲ್ಲ.

“ರೇಯ್, ಆಗ್ರಾ! ನಿಲ್ಲೋ!” ಎಂದು ತೆಲುಗು ಕನ್ನಡ ಎರಡರಲ್ಲೂ ಕೂಗುತ್ತ ಅಜ್ಜಿ ನಡುವೆ ನುಗ್ಗಿದಳು. ಅಪ್ಪನಿಗೆ ಬೀಸಿದ್ದು ಅವಳ ಕುತ್ತಿಗೆಗೆ ಬಿತ್ತು. ಹಸಿ ಕೊಂಬೆ ಕಡಿದಾಗಿನ ಸದ್ದೇ ಬಂತು. ಗೋಡೆಯ ಸುಣ್ಣದ ಮೇಲೆಲ್ಲ ರಕ್ತ. ಗೌನಿಪಲ್ಲಿ ಕಡೆ ಓಡಿದ ಚಿಕ್ಕಪ್ಪ ಆಂಧ್ರಕ್ಕೆ ದಾಟಿಕೊಂಡ, ತಿರುಗಿ ಬರಲಿಲ್ಲ. ಮುದುಕಿ ಕಾಲು ಜಾರಿ ಮಚ್ಚಿನ ಮೇಲೆ ಬಿದ್ದಳೆಂದು ಪೊಲೀಸರಿಗೆ ಹೇಳಲು ಊರವರು ಮಾತು ಕೂಡಿಸಿದರು. ಅಪ್ಪ ಕೈಯಲ್ಲಿನ ಹುಲ್ಲು ಬಿಡದೆ ಸಂಜೆಯವರೆಗೂ ಕೂತಿದ್ದ. ಮನೆ ಅವತ್ತೇ ಹೋಯಿತು. ಗೋಡೆ ಆಮೇಲೆ ಬಿತ್ತು.

ಮಾರನೆಯ ಬೆಳಿಗ್ಗೆ ಅಜ್ಜಿಯ ಮೈ ತೊಳೆಯಲು ನೀರು ಕಾಯಿಸಬೇಕಿತ್ತು. ಅಮ್ಮನಿಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ನಾನೇ ಪೊರಕೆ, ಕುಕ್ಕೆ ಹಿಡಿದು ಆ ಬೋಳು ಸಾಲಿಗೆ ಹೋದೆ. ಬಿದ್ದ ಎಲೆಯನ್ನೆಲ್ಲ ಗುಡಿಸಿ ತಂದು ಹಂಡೆಯ ಒಲೆಗೆ ತುಂಬಿದೆ. ಚೆನ್ನಾಗಿ ಒಣಗಿದ್ದವು. ನೀರು ಬೇಗ ಕಾಯಿತು.