ಗಂಡಸರ ಸಾಲಿನ ಶೂ

ಅಕ್ಕನ ಕಿರುಬೆರಳು ಹಳೆ ಶೂವಿನ ಬಟ್ಟೆಯನ್ನು ಹಲಸಿನ ಬೀಜದಷ್ಟು ಉಬ್ಬಿಸಿತ್ತು. "ಹಾಕ್ತಾ ಹಾಕ್ತಾ ಸಡ್ಲ ಆಯ್ತದೆ ಕಣೆ," ಎನ್ನುತ್ತಿದ್ದರು. ಹೊಸೂರು ಪಕ್ಕದ ಮೂಕಂಡಪಲ್ಲಿಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಅವರು, ತಳಿ ಊರಿಗೆ ಹೋಗುವ ತುಂಬಿದ ಬಸ್ಸನ್ನು ಹತ್ತುವಾಗಲೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

ಅಕ್ಕನ ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸಿದ, ಶೂವಿನೊಳಗೆ ಇಡುವ ಇನ್‌ಸೋಲ್ ಇಲ್ಲದೆ ಓಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅದೂ ಒಳಗೆ ಹಿಡಿಯುವ, ಕೆಸರಿನಲ್ಲಿ ಜಾರದ ಶೂ ಸಿಗದಿದ್ದರೆ ತಳಿಯ ಹೊಲದ ದಾರಿಯಲ್ಲಿ ನಮ್ಮ ಭಾನುವಾರದ ಓಟ ನಿಂತಂತೆಯೇ.

ಶನಿವಾರ ಹೊಸೂರಿನ ಅಂಗಡಿಯಲ್ಲಿ ಹೆಂಗಸರ ಶೂ ಒಂದು ಸಲೀಸಾಗಿ ಕಾಲಿಗೆ ಹಿಡಿಯಿತು. ಅಕ್ಕ ಗೆದ್ದವರಂತೆ ನಡೆದು ತೋರಿಸಿದರು.

"ಇನ್‌ಸೋಲ್ ಎಲ್ಲಕ್ಕಾ?" ಎಂದೆ.

ಅದು ಹಳೆ ಶೂವಿನೊಳಗೆ ಬಾಗಿಲಾಚೆ ಇತ್ತು. ಗುಡಿಗೆ ಹೋಗುವಂತೆ ಅಕ್ಕ ಶೂ ಅಂಗಡಿಗೂ ಶೂ ಬಿಚ್ಚಿಟ್ಟೇ ಬಂದಿದ್ದರು.

ಇನ್‌ಸೋಲ್ ಇಟ್ಟ ಮೇಲೆ ಹಿಡಿದದ್ದು ಒಂದೇ ಜೋಡಿ: ಗಂಡಸರ ಸಾಲಿನದು, ಅಗಲ ಮೂತಿ, ಟ್ರ್ಯಾಕ್ಟರ್ ಟೈರಿನಂಥ ತಳ.

"ಜನ ನಮ್ಮನೆಯವ್ರ ಶೂ ಅಂದ್ಕೊಂತಾರೆ ಕಣೆ."

"ಹಾಲು ತರೋಕೂ ಸ್ಕೂಟರ್ ಹತ್ತೋ ಭಾವ ಓಡೋ ಶೂ ತಗೊಂಡ್ರು ಅಂದ್ರೆ ಯಾರಕ್ಕಾ ನಂಬ್ತಾರೆ?"

ಅಕ್ಕ ನಗದೆ ಅದನ್ನೇ ಕೊಂಡರು.

ಮರುದಿನ ಬೆಳಿಗ್ಗೆ ರಾಗಿ ಹೊಲದ ಅಂಚಿನ ಕೆಸರಿಗೆ ಬೇಕೆಂದೇ ಇಳಿದು, ಹೊಸ ಶೂ ಎರಡರ ಬಣ್ಣವೂ ಕಾಣದಂತೆ ಮೆತ್ತಿಕೊಂಡು, ನನಗಾಗಿ ಕಾಯದೆ ಓಡತೊಡಗಿದರು.